ಹೊಸ ಮೊಣಕಾಲಿನ ಸುಗ್ಗಿ

ಅಕ್ಟೋಬರ್ ೧೯

ಹುಬ್ಬಳ್ಳಿಯ ಆಸ್ಪತ್ರೆಯಿಂದ ಇವತ್ತು ಮನೆಗೆ ಬಂದೆ. ಗುಂಡಿ ಕಂಡಲ್ಲೆಲ್ಲ ಶೌಕತ್ ಸಾಬರು ತಮ್ಮ ಬಾಡಿಗೆ ಗಾಡಿಯನ್ನು ಎತ್ತಿನ ಬಂಡಿಯಷ್ಟು ನಿಧಾನ ಮಾಡಿದರು. ಆದರೂ ಕಲಘಟಗಿ ದಾಟುವಷ್ಟರಲ್ಲಿ ಬಲಗಾಲು ನನ್ನದಲ್ಲ, ಯಾರೋ ತೊಡೆಗೆ ಕಟ್ಟಿದ ಒನಕೆ ಅನ್ನಿಸಿಬಿಟ್ಟಿತು. ಸವೆದುಹೋದ ಮೊಣಕಾಲನ್ನು ತೆಗೆದು ಲೋಹದ ಕೀಲು ಕೂರಿಸಿದ್ದಾರೆ.

ಕಿರವತ್ತಿಯ ನಮ್ಮ ಅಂಗಳದಲ್ಲಿ ಇಳಿಸಿದಾಗ ಮೊದಲು ಕೇಳಿದ್ದು ಎಮ್ಮೆಯ ಸುದ್ದಿ. "ಹಾಲು ಕೊಟ್ಟಾಳ" ಅಂದರು ಇವರು. ಎಷ್ಟು ಎಂದರೆ ನೆಲ ನೋಡಿದರು. ಅಲ್ಲಿಗೆ ತಿಳಿಯಿತು. ಎಮ್ಮೆ ಇವರಿಗೆ ಹೆದರುವುದಿಲ್ಲ, ಇವರೇ ಎಮ್ಮೆಗೆ ಹೆದರುತ್ತಾರೆ.

ನಮ್ಮ ಮನೆಯಲ್ಲಿ ಲೋಕದ ರೀತಿ ತಿರುವುಮುರುವು. ಗದ್ದೆ ನನ್ನದು, ಅಡಿಗೆ ಇವರದು. ಮಗಳು ಜ್ಯೋತಿ ತೊಟ್ಟಿಲಲ್ಲಿದ್ದಾಗ ಅರಣ್ಯ ಡಿಪೋದಲ್ಲಿ ನಾಟಾ ಹೇರುತ್ತಿದ್ದ ಇವರ ಎದೆಯ ಮೇಲೆ ದಿಮ್ಮಿ ಉರುಳಿತು. ಪಕ್ಕೆಲುಬು ಕೂಡಿಕೊಂಡವು, ಉಸಿರು ಮೊದಲಿನಂತೆ ಆಗಲಿಲ್ಲ. ನಾನು ನೇಗಿಲು ಹಿಡಿದೆ, ಇವರು ಸೌಟು ಹಿಡಿದರು. ಊರವರು ಸ್ವಲ್ಪ ದಿನ ನಕ್ಕರು. ಈಗ ತಿಮ್ಮನ ಕೈಯ ಸಾರಿನಂಥ ಸಾರಿಲ್ಲ ಎಂದು ಹೊಗಳುತ್ತಾರೆ. ಭತ್ತ ಹಾಲು ತುಂಬುವ ಹೊತ್ತಿನಲ್ಲಿ ಸಾರಿನಿಂದ ಏನಾಗಬೇಕು?

ಆಸ್ಪತ್ರೆಯವರು ಆಪರೇಷನ್ನಿಗೆ ಕೊಟ್ಟ ದಿನ ಬಿಟ್ಟರೆ ಮತ್ತೆ ಯಾವಾಗಲೋ ಎಂದಿದ್ದರು. ಸುಗ್ಗಿಯ ಹೊತ್ತಿಗೆ ಎದ್ದು ಕುಡುಗೋಲು ಹಿಡಿಯುತ್ತೇನೆ ಎಂದುಕೊಂಡೇ ಒಪ್ಪಿದ್ದು. ಹಿಡಿಯುತ್ತೇನೆ.

ಅಕ್ಟೋಬರ್ ೨೨

ಯಲ್ಲಾಪುರದಿಂದ ಅರ್ಷಿಯಾ ಬಂದಿದ್ದಳು. ಶೌಕತ್ ಸಾಬರ ಮಗಳು, ಫಿಸಿಯೋಥೆರಪಿ ಓದಿದವಳು. ಮಾತು ಮೆತ್ತಗೆ, ಕೈ ಕಲ್ಲು. ಕಾಲನ್ನು ಮಡಿಸುವಾಗ ನಾನು ಕೂಗಿದ್ದು ಹೆದ್ದಾರಿಯ ಢಾಬಾದವರೆಗೂ ಕೇಳಿರಬೇಕು. ಅಡಿಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

ಎಲ್ಲ ಮುಗಿಸಿ ಹೊರಡುವಾಗ, "ಕುಕ್ಕರಗಾಲಲ್ಲಿ ಮಾತ್ರ ಕೂರೂಕಿಲ್ಲ ಅವ್ವ, ಗೊತ್ತದೆಯಲ್ಲ?" ಎಂದಳು.

"ಎಷ್ಟು ದಿನ?"

ಅವಳು ಜ್ಯೋತಿಯ ಮುಖ ನೋಡಿದಳು. ಜ್ಯೋತಿ ಕಿಟಕಿಯ ಕಡೆ ತಿರುಗಿದಳು.

"ದಿನ ಅಂತ ಇಲ್ಲ. ಇನ್ನು ಯಾವಾಗ್ಲೂ."

ಡಾಕ್ಟರು ಆಪರೇಷನ್ನಿಗೆ ಮೊದಲೇ ಇಂಗ್ಲಿಷಿನಲ್ಲಿ ಹೇಳಿದ್ದರಂತೆ. ನನಗೆ ತಿಳಿಸಿದರೆ ಒಪ್ಪುವುದಿಲ್ಲ ಎಂದು ಜ್ಯೋತಿ ಆ ಮಾತನ್ನು ನುಂಗಿಕೊಂಡಿದ್ದಳು. ಸಸಿ ಕೀಳುವುದು ಕುಂತು, ಕಳೆ ತೆಗೆಯುವುದು ಕುಂತು, ಹಾಲು ಕರೆಯುವುದು ಕುಂತು. ನಿಂತುಕೊಂಡು ಒಕ್ಕಲುತನ ಮಾಡಿದವರನ್ನು ನಾನು ಕಂಡಿಲ್ಲ. ಅವಳ ಜೊತೆ ಮಾತಾಡಲಿಲ್ಲ. ನಾಳೆ ಸಿರಸಿಗೆ ಹೊರಡುತ್ತಾಳೆ, ಬಟ್ಟೆ ಅಂಗಡಿಯಲ್ಲಿ ರಜೆ ಮುಗಿಯಿತು. ಹೋಗಲಿ.

ಅಕ್ಟೋಬರ್ ೨೬

ನೋವು. ಬರೆಯುವುದಕ್ಕೆ ಬೇರೇನೂ ಇಲ್ಲ.

ಇವರು ದಿಂಬನ್ನು ಮೊಣಕಾಲ ಕೆಳಗೆ ಇಡುವುದಿಲ್ಲ, ಹಿಮ್ಮಡಿ ಕೆಳಗೇ ಇಡುತ್ತಾರೆ. ಅರ್ಷಿಯಾ ಹೇಳಿದ್ದನ್ನು ದೇವರ ಮಾತಿನ ಹಾಗೆ ಹಿಡಿದಿದ್ದಾರೆ. ನಾನು ಬೈದರೂ ತೆಗೆಯುವುದಿಲ್ಲ.

ಅಕ್ಟೋಬರ್ ೨೯

ಯಲ್ಲಾಪುರಕ್ಕೆ ಹೋಗಿ ಗಾಯದ ಪಿನ್ನು ತೆಗೆಸಿಕೊಂಡು ಬಂದೆವು. ಒಣಗಿದೆ, ಚೆನ್ನಾಗಿದೆ ಎಂದರು.

ಸಂಜೆ ಪಕ್ಕದ ಗದ್ದೆಯ ಉದಯ ಮಾತಾಡಿಸಲು ಬಂದ. ಅವನ ಎದುರಿಗೇ ನಮ್ಮಿಬ್ಬರಿಗೆ ಜಗಳವಾಯಿತು. ಗದ್ದೆಯ ಕೆಳಗಿನ ಮಡಿಯ ನೀರನ್ನು ಇವರು ಬಿಟ್ಟುಬಿಟ್ಟಿದ್ದಾರೆ.

"ಕಾಳು ಇನ್ನೂ ಗಟ್ಟಿ ಆಗಿಲ್ಲ. ಯಾರನ್ನ ಕೇಳಿ ಬಿಟ್ರಿ?"

"ಮಳಿಗೆ ಬದು ಕುಸೀತಿತ್ತು."

"ಬದು ಕುಸದ್ರ ಕಟ್ಟೂದು. ನೀರು ಬಿಡೂದಲ್ಲ. ಸಾರಿಗೆ ಉಪ್ಪು ಹೆಚ್ಚಾದ್ರ ಗಡಿಗಿ ಒಡೀತೀರೇನು?"

ಇವರು ಎದ್ದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ಉದಯ, "ಕಾಕಾ ಬಿಟ್ಟಿದ್ದ ಛಲೋ ಆತು ಕಾಕಿ. ಬಿಡದಿದ್ರ ನಿಮ್ಮ ಬದುವಿನ ಸಂಗಾಟ ನಂದೂ ಹೋಗ್ತಿತ್ತು" ಎಂದ.

ಇರಬಹುದು. ಆದರೂ ನನ್ನನ್ನು ಕೇಳಬೇಕಿತ್ತು.

ನವೆಂಬರ್ ೨

ಬಲಿಪಾಡ್ಯ. ಇವರು ಬೆಳಿಗ್ಗೆಯೇ ಎಮ್ಮೆಗೆ ಮೈ ತೊಳೆದು, ಕೊಂಬಿಗೆ ಕೆಮ್ಮಣ್ಣು ಹಚ್ಚಿ, ಚೆಂಡುಹೂ ತರಲು ಹೋದರು. ಮದುವೆಯಾಗಿ ಬಂದಾಗಿನಿಂದ ಹಬ್ಬದ ದಿನ ದನಗಳಿಗೆ ಆರತಿ ಮಾಡಿದವಳು ನಾನು. ವಾಕರ್ ಹಿಡಿದು ಕೊಟ್ಟಿಗೆಗೆ ಹೋದೆ.

ಸಗಣಿ ನೀರಿನ ಮೇಲೆ ವಾಕರ್ ಜಾರಿತು. ಮೊಣಕಾಲು ಹೋಗಿ ಬಾನಿಯ ಕಲ್ಲಿಗೆ ತಾಗಿತು. ಕಣ್ಣಿಗೆ ಕತ್ತಲೆ ಬಂತು. ಎಮ್ಮೆ ಮಾತ್ರ ಒಂದು ಹೆಜ್ಜೆ ಅಲುಗಲಿಲ್ಲ, ಅಲುಗಿದ್ದರೆ ನನ್ನ ಮೇಲೆಯೇ ಬರುತ್ತಿತ್ತು. ಅದರ ಹಗ್ಗ ಹಿಡಿದೇ ಎದ್ದೆ.

ಒಳಗೆ ಬಂದು ನೋಡಿದರೆ ಹೊಲಿಗೆಯ ಕೆಳತುದಿ ಬಾಯಿ ಬಿಟ್ಟಿದೆ. ರಕ್ತ ಹೆಚ್ಚೇನಿಲ್ಲ. ಅರಿಸಿನ ಒತ್ತಿ ಹಳೆಯ ಸೀರೆ ಹರಿದು ಕಟ್ಟಿದೆ. ಇವರು ಬಂದಾಗ ಮಂಚದ ಮೇಲೆ ಕೂತಿದ್ದೆ. ಹೇಳಲಿಲ್ಲ. ಹೇಳಿದರೆ ಮತ್ತೆ ಹುಬ್ಬಳ್ಳಿ. ಭತ್ತ ಹಳದಿಗೆ ತಿರುಗುತ್ತಿದೆ.

ನವೆಂಬರ್ ೬

ಆನೆ ಬಂದಿವೆ.

ಹಳಿಯಾಳದ ಕಡೆಯಿಂದ ದಾಟಿ ಬಂದ ಹಿಂಡಂತೆ. ಮರಿಗಳೂ ಇವೆ. ಫಾರೆಸ್ಟಿನವರು ಪಟಾಕಿ ಹಂಚಿ ಹೋಗಿದ್ದಾರೆ. ಉದಯ ತನ್ನ ಮಾಳವನ್ನು ಗಟ್ಟಿ ಮಾಡಿಕೊಂಡಿದ್ದಾನೆ. ಗದ್ದೆ ಕಾಯಲು ಮರದ ಕವಲಿನಲ್ಲಿ ಕಟ್ಟಿದ ಅಟ್ಟ ಅದು. ನಮ್ಮ ಮಾಳದಲ್ಲಿ ಹೋದ ವರ್ಷದವರೆಗೂ ನಾನೇ ಏರಿ ಕೂತು ಡಬ್ಬ ಬಡಿದವಳು.

ಇವರು ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡರು.

"ನೀವು? ಆ ಏಣಿ ಹತ್ತೂದ್ರೊಳಗ ಉಸುರು ಹೋಗ್ತದ ನಿಮ್ದು."

"ಮತ್ತ್ಯಾರು ಹೋಗಬೇಕು?"

"ಯಾರನ್ನಾದ್ರೂ ಕರೀರಿ."

"ಅವರವರ ಗದ್ದಿ ಅವರವ್ರು ಕಾಯಾಕತ್ತಾರ. ನಮ್ಮ ಗದ್ದಿಗೆ ಯಾರು ಬರ್ತಾರ?"

ಅನ್ನ, ಸಾರು, ನೀರು, ಗುಳಿಗೆ ಎಲ್ಲ ಕೈಗೆ ಸಿಗುವಂತೆ ಜೋಡಿಸಿಟ್ಟು ಹೋದರು. ನಮ್ಮ ಗದ್ದೆ ಎಂದರು. ಇಷ್ಟು ವರ್ಷ ನಿನ್ನ ಗದ್ದೆ ಎನ್ನುತ್ತಿದ್ದರು.

ನವೆಂಬರ್ ೮

ಬೆಳಿಗ್ಗೆ ಬಂದಾಗ ಇವರ ಮುಖ ಬೂದಿ ಬಣ್ಣವಾಗಿತ್ತು. ಎದೆಯೊಳಗೆ ಸಿಳ್ಳೆ ಹಾಕಿದ ಹಾಗೆ ಸದ್ದು. ಕೇಳಿದರೆ ಬೆಂಕಿಯ ಹೊಗೆ ಎಂದರು. ಒಂದು ಲೋಟ ಚಹಾ ಕುಡಿದವರೇ ಒಲೆ ಹಚ್ಚಿದರು, ನನ್ನ ಕಾಲಿಗೆ ಐಸ್ ಇಟ್ಟರು, ಹಾಲು ಕರೆಯಲು ಹೋದರು.

ಐಸ್ ಇಡುವಾಗ ಕಟ್ಟು ಕಾಣದಂತೆ ಸೀರೆ ಎಳೆದುಕೊಂಡೆ. ಬಟ್ಟೆಯಲ್ಲಿ ಒಂದು ಕಡೆ ಒದ್ದೆ. ಬೆವರಿರಬೇಕು.

ನವೆಂಬರ್ ೧೦

ಅರ್ಷಿಯಾ ಬಂದಳು. ಹೊಟ್ಟೆ ಕೆಟ್ಟಿದೆ, ಇವತ್ತು ಬೇಡ ಎಂದೆ. ಬಾಗಿಲಲ್ಲಿ ನಿಂತು, "ನಿಲ್ಲಿಸಿದ್ರೆ ಕಾಲು ಮರದ ಹಾಗೆ ಆಗ್ತದೆ ಅವ್ವ, ಆಮೇಲೆ ನನ್ನ ಬೈಬೇಡಿ" ಎಂದಳು. ನಗುತ್ತ ಕಳಿಸಿದೆ. ಅವಳು ಬರುವ ಮೊದಲೇ ಜ್ವರದ ಗುಳಿಗೆ ನುಂಗಿದ್ದೆ.

ಜ್ವರವೆಂದರೆ ಜ್ವರವಲ್ಲ. ಮೈ ಬೆಚ್ಚಗಿದೆ ಅಷ್ಟೆ.

ನವೆಂಬರ್ ೧೨

ಉದಯನ ಮೇಲಿನ ಮಡಿ ಹೋಯಿತು. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು ಎಂದು ಅವನು ಜಗಲಿಯ ಮೇಲೆ ಕೂತು ತಲೆ ಹಿಡಿದುಕೊಂಡ. ನಮ್ಮದು ನಿಂತಿದೆ. ಕೆಳಗಿನ ಮಡಿ ಬೇಗ ಒಣಗಿದ್ದರಿಂದ ಒಂದು ವಾರದಲ್ಲಿ ಕುಡುಗೋಲು ಹಾಕಬಹುದಂತೆ. ಒಂದು ವಾರ. ಅಲ್ಲಿಯವರೆಗೆ ಕಾಲು ತಡೆದುಕೊಂಡರೆ ಸಾಕು.

ಊಟ ಸೇರುವುದಿಲ್ಲ. ಇವರು ಗಂಜಿಗೆ ತುಪ್ಪ ಹಾಕಿ ಕೊಟ್ಟರು, ಅದೂ ಬೇಡವಾಯಿತು. ಬಹಳ ಹೊತ್ತು ನನ್ನನ್ನೇ ನೋಡಿದರು. "ಏನ್ ನೋಡ್ತೀರಿ? ಗದ್ದಿ ನೋಡ್ರಿ" ಎಂದೆ.

ನವೆಂಬರ್ ೧೪

ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಮತ್ತೆ ಕಾಲು ತೆರೆಯುತ್ತಾರೆ. ಇವತ್ತಿನದನ್ನು ಬರೆದೇ ಮಲಗಬೇಕು, ನಾಳೆ ಹೇಗಿರುತ್ತೇನೋ.

ಇವರೇ ಅರ್ಷಿಯಾಗೆ ಫೋನ್ ಮಾಡಿ ಕರೆಸಿದ್ದರು. ನನಗೆ ಹೇಳಿರಲಿಲ್ಲ. ಅವಳು ಬಂದವಳೇ ಮಾತಾಡದೆ ಎರಡೂ ಮೊಣಕಾಲ ಮೇಲೆ ಒಂದೊಂದು ಅಂಗೈ ಇಟ್ಟಳು. ಬಲಗಾಲ ಮೇಲಿನ ಕೈಯನ್ನು ತಟ್ಟನೆ ಎತ್ತಿದಳು.

"ಕಟ್ಟು ಬಿಚ್ಚಿ ಅವ್ವ."

"ಏನಿಲ್ಲ ಅದು."

"ಬಿಚ್ಚಿ."

ಬಟ್ಟೆ ಬಿಚ್ಚಿದಾಗ ವಾಸನೆ ನನಗೂ ಬಂತು. ಇವರು ಗೋಡೆ ಹಿಡಿದು ನಿಂತಿದ್ದರು. ಅರ್ಷಿಯಾಳ ದನಿ ಗಟ್ಟಿಯಾಯಿತು. "ಇದು ಎಷ್ಟು ದಿನದಿಂದ? ಎಂತಕ್ಕೆ ಹೇಳ್ಲಿಲ್ಲ? ಒಳಗೆ ಕೀವಾಗಿದ್ರೆ ಹಾಕಿದ ಕೀಲನ್ನೇ ತೆಗೀಬೇಕಾಗ್ತದೆ. ರಕ್ತಕ್ಕೆ ಸೇರಿದ್ರೆ ಜೀವಕ್ಕೇ ಬರ್ತದೆ. ಅಪ್ಪಂಗೆ ಗಾಡಿ ತರೂಕೆ ಹೇಳ್ತೆ. ಈಗ್ಲೇ ಹೊರಡ್ಬೇಕು."

"ಕೊಯ್ಲು ಮುಗೀಲಿ" ಎಂದೆ. "ನಾಲ್ಕು ದಿನ. ಗುಳಿಗಿ ತಗೋತೀನಿ. ಆನಿ ಉದಯನ ಗದ್ದ್ಯಾಗ ನಿಂತಾವ. ಇವ್ರು ನನ್ನ ಕೂಡ ಬಂದ್ರ ಇಲ್ಲಿ ಕಾಯೋರ್ಯಾರು?"

ಇವರು ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು.

"ಕೇಳಿಸ್ತೇನ್ರಿ? ನೀವು ಇಲ್ಲೇ ಇರ್ರಿ. ಜ್ಯೋತಿ ಬರ್ತಾಳ."

"ಜ್ಯೋತಿ ಬರೂದ್ರೊಳಗ ಸಂಜಿ ಆಗ್ತದ."

"ಆಗ್ಲಿ. ವರ್ಷದ ಅನ್ನ ಅದು!"

ಇವರು ನನ್ನ ಕಡೆ ತಿರುಗಿದರು. ಇಷ್ಟು ವರ್ಷದಲ್ಲಿ ಇವರು ನನ್ನ ಮೇಲೆ ದನಿ ಎತ್ತಿದ್ದಿಲ್ಲ. ಇವತ್ತೂ ಎತ್ತಲಿಲ್ಲ, ಎತ್ತಲು ಉಸಿರಿರಲಿಲ್ಲ.

"ಗದ್ದಿ ಮುಂದಿನ ವರ್ಷಾನೂ ಬೆಳೀತದ ಸಾವಿತ್ರಿ. ನಿನ್ನ ಎಲ್ಲಿ ಬೆಳೀಲಿ?"

ಶೌಕತ್ ಸಾಬರ ಗಾಡಿ ಬಂತು. ಎಮ್ಮೆಯನ್ನು ಉದಯನ ಹೆಂಡತಿ ತನುಜಾಗೆ ಒಪ್ಪಿಸಿದರು. ಗಾಡಿ ಗದ್ದೆಯ ಪಕ್ಕದಲ್ಲೇ ಹಾದು ಹೆದ್ದಾರಿಗೆ ಹತ್ತಿತು. ನಾನು ಕತ್ತು ತಿರುಗಿಸಿ ತಿರುಗಿಸಿ ನೋಡಿದೆ. ಬಿಸಿಲಿನಲ್ಲಿ ತೆನೆ ಎಲ್ಲ ತಲೆ ಬಾಗಿಸಿತ್ತು. ಇವರು ಒಂದು ಸಲವೂ ಆ ಕಡೆ ನೋಡಲಿಲ್ಲ. ನನ್ನ ಕಾಲು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

ನನಗೆ ಸಿಟ್ಟೇ ಬಂದಿತ್ತು. ಈಗ ಚಳಿ ಬರುತ್ತಿದೆ. ನರ್ಸಿಗೆ ಹೇಳಬೇಕು.

ನವೆಂಬರ್ ೧೯

ಬದುಕಿದ್ದೇನೆ. ಕೀಲೂ ಉಳಿದಿದೆ. ಒಳಗೆಲ್ಲ ತೊಳೆದು, ನಡುವಿನ ಪ್ಲಾಸ್ಟಿಕ್ ತುಂಡನ್ನು ಮಾತ್ರ ಬದಲಿಸಿದರಂತೆ. ಇನ್ನು ಕೆಲವು ದಿನ ಕಳೆದಿದ್ದರೆ ಎಲ್ಲವನ್ನೂ ಕಿತ್ತು ತಿಂಗಳುಗಟ್ಟಲೆ ಕಾಲಿಲ್ಲದೆ ಇರಬೇಕಿತ್ತು ಎಂದು ಡಾಕ್ಟರು ಬೈದರು. ಈ ಸಲ ಕನ್ನಡದಲ್ಲಿ, ನನಗೇ, ಜ್ಯೋತಿಯ ಎದುರಿಗೆ. ಡಿಸೆಂಬರ್ ಕೊನೆಯವರೆಗೂ ಔಷಧಿ ಇದೆ.

ಇವರನ್ನು ಗದ್ದೆಯ ಬಗ್ಗೆ ಕೇಳಿದಾಗಲೆಲ್ಲ, "ಉದಯ ಅದಾನಲ್ಲ" ಎಂದು ಹೊರಗೆ ಹೋಗುತ್ತಿದ್ದರು. ಇವತ್ತು ಜ್ಯೋತಿಯ ಫೋನಿನಿಂದ ನಾನೇ ಉದಯನಿಗೆ ಮಾಡಿದೆ.

"ಕಾಕಾ ಹೇಳಿಲ್ಲೇನು?" ಎಂದ. ಆಮೇಲೆ ಎಲ್ಲ ಹೇಳಿದ.

ನಾವು ಹೊರಟ ರಾತ್ರಿಯೇ ಆನೆ ಬಂದಿವೆ. ಮೇಲಿನ ಮಡಿ ಪೂರ್ತಿ ಹೋಗಿದೆ, ನಡುವಿನದು ಅರ್ಧ. ಕೆಳಗಿನ ಮಡಿಯನ್ನು ಉದಯ, ತನುಜಾ ಮರುದಿನವೇ ಜನ ಕೂಡಿಸಿ ಕೊಯ್ದು ಎತ್ತಿಟ್ಟರಂತೆ. ಅದು ಒಣಗಿತ್ತು, ಹಾಗಾಗಿ ಆಯಿತು ಎಂದ.

ಇವರಿಗೆ ಮರುದಿನ ಬೆಳಿಗ್ಗೆಯೇ ಗೊತ್ತಾಗಿದೆ. ನನ್ನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಹೊತ್ತು. ಆಗ ಬಾಗಿಲ ಬಳಿ ಬಂದು, "ಹೆದರಬ್ಯಾಡ, ಎಲ್ಲಾ ಛಲೋ ಅದ" ಎಂದು ನನ್ನ ತಲೆ ಸವರಿ ಕಳಿಸಿದ್ದರು.

ಗಂಜಿ ಹಿಡಿದು ಒಳಗೆ ಬಂದರು. ನನ್ನ ಕೈಯಲ್ಲಿ ಫೋನು ಕಂಡು ಬಾಗಿಲಲ್ಲೇ ನಿಂತರು. ಬೈಯಲು ಬಾಯಿ ತೆರೆದೆ. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಇವರ ಎದೆ ಸಿಳ್ಳೆ ಹಾಕುತ್ತಿತ್ತು.

"ಕುಂದರ್ರಿ ಮೊದಲ" ಎಂದೆ.

ಡಿಸೆಂಬರ್ ೪

ಮನೆ.

ಮಧ್ಯಾಹ್ನ ಗದ್ದೆಗೆ ಕರೆದುಕೊಂಡು ಹೋಗಿ ಎಂದೆ. ಬೇಡ ಎನ್ನಲಿಲ್ಲ. ಶೌಕತ್ ಸಾಬರ ಗಾಡಿಯಲ್ಲಿ ಹೋಗಿ, ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಮೇಲಿನ ಮಡಿ ಒರಳಿನ ಹಾಗೆ ಗುಂಡಿ ಗುಂಡಿ. ಒಂದೊಂದು ಹೆಜ್ಜೆಯಲ್ಲೂ ಕೆಸರಿನ ಜೊತೆ ಭತ್ತ ಸೇರಿ ಒಣಗಿ ಗಟ್ಟಿಯಾಗಿದೆ. ಕೆಲವು ಕಡೆ ಕಾಳು ಅಲ್ಲೇ ಮೊಳೆತಿದೆ. ಅಳು ಬರುತ್ತದೆ ಎಂದುಕೊಂಡಿದ್ದೆ. ಮರಿಯಾನೆಯ ಹೆಜ್ಜೆ ಒಂದಿತ್ತು, ನಮ್ಮ ಅನ್ನದ ತಟ್ಟೆಯಷ್ಟೇ. ಅದನ್ನೇ ನೋಡುತ್ತ ಕೂತೆ.

ನಡುವಿನ ಮಡಿಯಲ್ಲಿ ಉಳಿದದ್ದನ್ನು ಇವರು ಕೊಯ್ಯುತ್ತಿದ್ದರು. ಹಿಡಿ ಕಟ್ಟುವ ರೀತಿ ನನ್ನದಲ್ಲ. ನಾನು ತೆನೆ ಒಂದೇ ಕಡೆ ಬರುವಂತೆ ಕಟ್ಟುತ್ತೇನೆ, ಇವರು ಸೊಪ್ಪಿನ ಕಟ್ಟಿನ ಹಾಗೆ ನಡುವಿಗೆ ಕಟ್ಟುತ್ತಾರೆ. ಕೊಯ್ಯುವುದು ಸ್ವಲ್ಪ, ನಿಲ್ಲುವುದು ಸ್ವಲ್ಪ. ನಿಂತಾಗ ಸೊಂಟದ ಮೇಲೆ ಕೈಯಿಟ್ಟು ಕಾಡಿನ ಕಡೆ ನೋಡುತ್ತಾರೆ, ದಣಿದದ್ದು ನನಗೆ ತಿಳಿಯದಿರಲಿ ಎಂದು.

ಹೊರೆ ಬಿಚ್ಚಿಹೋಗಲಿಲ್ಲ. ಹಾಗೂ ಕಟ್ಟಬಹುದು.

ಡಿಸೆಂಬರ್ ೧೧

ಅರ್ಷಿಯಾ ಕಾಲು ಮಡಿಸುತ್ತಾಳೆ, ನಾನು ಕೂಗುತ್ತೇನೆ. ಈಗ ಅವಳು ಬರುವ ದಾರಿ ಕಾಯುತ್ತೇನೆ. ವಾಕರ್ ಬಿಟ್ಟು ಕೋಲು ಹಿಡಿದಿದ್ದೇನೆ.

ಒಕ್ಕಣೆಗೆ ಇವರು ಬೆಳಿಗ್ಗೆಯೇ ಕಣಕ್ಕೆ ಹೋದರು. ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತು ರೊಟ್ಟಿ ಮಾಡಿದೆ. ಒಂದೂ ಉಬ್ಬಲಿಲ್ಲ, ಅಂಚು ಕರಿಕಲು. ಇವರು ಬಂದು ಒಂದು ತುಂಡು ಮುರಿದು, ಮೇಲೆ ಕೆಳಗೆ ತಿರುಗಿಸಿ ನೋಡಿದರು.

"ಹಂಚು ಇನ್ನೊಂಚೂರು ಕಾಯಬೇಕಿತ್ತು."

"ನನ್ನ ಕೇಳಿ ನೀರು ಬಿಟ್ಟಿದ್ರೇನು ನೀವು?"

ಇವರಿಗೆ ನಗು ಬಂದು, ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ ಕಂಬ ಹಿಡಿದು ಕೂತರು. ನನ್ನ ನಗು ಅಲ್ಲೇ ನಿಂತಿತು. ಕಣದ ಧೂಳು ಎನ್ನುತ್ತಾರೆ. ಮಾಳದಲ್ಲಿ ಹೊಗೆ, ಕಣದಲ್ಲಿ ಧೂಳು. ಎರಡೂ ಇಲ್ಲದಾಗ ಏನೆನ್ನುತ್ತಾರೆ?

ಡಿಸೆಂಬರ್ ೨೦

ಇವರು ಡಾಕ್ಟರ ಹತ್ತಿರ ಬರುವುದಿಲ್ಲವಂತೆ. ಹಿಂಗಾರಿನ ಬಿತ್ತನೆ ಮುಗಿಯಲಿ ಎನ್ನುತ್ತಾರೆ. ಇಡೀ ದಿನ ಎದೆಯ ಸದ್ದು ಕೇಳುತ್ತಲೇ ಇದ್ದೆ. ಅದು ನಿಂತರೆ ಸಾಕು ಅನ್ನಿಸುತ್ತದೆ, ನಿಂತುಬಿಟ್ಟರೆ ಎಂದು ಹೆದರಿಕೆಯಾಗುತ್ತದೆ.

ಡಿಸೆಂಬರ್ ೨೩

ಇವತ್ತು ನಾನೇ ಸೀರೆ ಉಟ್ಟು, ಚೀಲ ಹಿಡಿದು, ಕೋಲೂರಿ ರಸ್ತೆಗೆ ಹೊರಟೆ. ಇವರು ಹಿಂದೆಯೇ ಓಡಿ ಬಂದರು.

"ಎಲ್ಲಿಗೆ ಹೊಂಟಿ?"

"ಯಲ್ಲಾಪುರಕ್ಕ. ಡಾಕ್ಟರ ಕಡೆ. ನೀವು ಬರದಿದ್ರ ನಿಮ್ಮ ಕೆಮ್ಮು ಹ್ಯಾಂಗದ ಅಂತ ನಾನ ಕೆಮ್ಮಿ ತೋರಸ್ತೀನಿ."

ಬಸ್ಸು ಬಂತು. ಹತ್ತುವಾಗ ಒಳ್ಳೆಯ ಕಾಲು ಮೊದಲು ಎಂದು ಅರ್ಷಿಯಾ ಕಲಿಸಿದ್ದಳು, ಆದರೆ ಸರಕಾರಿ ಬಸ್ಸಿನ ಮೆಟ್ಟಿಲು ಇಷ್ಟೆತ್ತರ ಎಂದು ಹೇಳಿರಲಿಲ್ಲ. ಸರಳು ಹಿಡಿದು ಎಡಗಾಲಿಟ್ಟೆ, ಬಲಗಾಲನ್ನು ಎಳೆದುಕೊಂಡೆ. ಬಂತು. ತಿರುಗಿ ನೋಡಿದರೆ ಇವರು ಕೆಳಗೇ ನಿಂತು ಉಸಿರು ಹುಡುಕುತ್ತಿದ್ದರು. ಕೋಲನ್ನು ಕಂಡಕ್ಟರ ಕೈಗೆ ಕೊಟ್ಟು ಇವರಿಗೆ ಕೈ ಚಾಚಿದೆ. "ಅಜ್ಜೀ, ನೀವು ಬೀಳ್ತೀರಿ!" ಎಂದು ಯಾರೋ ಕೂಗಿದರು. ಬೀಳಲಿಲ್ಲ.

ಡಾಕ್ಟರು ಇವರ ಎದೆ, ಬೆನ್ನು ಎಲ್ಲ ನೋಡಿದರು. ಹಳೆಯ ಪೆಟ್ಟಿನ ಜೊತೆಗೆ ಉಬ್ಬಸವೂ ಸೇರಿದೆಯಂತೆ. ಮೊದಲೇ ಬಂದಿದ್ದರೆ ಇಷ್ಟು ಕಷ್ಟಪಡಬೇಕಿರಲಿಲ್ಲ ಎಂದರು. ಬಾಯಲ್ಲಿ ಎಳೆದುಕೊಳ್ಳುವ ಔಷಧಿ ಕೊಟ್ಟರು. ಧೂಳು ಬೇಡ, ಹೊಗೆ ಬೇಡ. ಅಂದರೆ ಕಣವೂ ಬೇಡ, ಒಲೆಯೂ ಬೇಡ. ನನಗೆ ಕುಕ್ಕರಗಾಲು ಬೇಡ, ಇವರಿಗೆ ಉಸಿರಿನ ಕೆಲಸ ಬೇಡ.

ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿದೆವು. ಇವರು ಔಷಧಿಯ ಡಬ್ಬಿಯನ್ನು ಕಿಸೆಯಿಂದ ತೆಗೆದು ನೋಡುವುದು, ಮತ್ತೆ ಇಡುವುದು ಮಾಡುತ್ತಿದ್ದರು. ಬೆಂಚು ಎತ್ತರವಾಗಿತ್ತು, ಕಾಲಿಗೆ ಹಿತವಾಯಿತು.

"ಮುಂಗಾರಿಗೆ ನೆಡೂದು ಬಿಡೂಣು" ಎಂದರು ಇವರು. "ಕೂರಿಗಿಲೇ ಬಿತ್ತೂಣು. ಉದಯನ ಕೂರಿಗಿ ಅದ. ನಾ ಕೇಳೀನಿ."

"ಯಾವಾಗ ಕೇಳಿದ್ರಿ?"

"ನೀ ಆಸ್ಪತ್ರ್ಯಾಗ ಇದ್ದಾಗ."

ಸಸಿ ನೆಡದೆ ಕೂರಿಗೆಯಲ್ಲಿ ಬಿತ್ತಿದ ಭತ್ತಕ್ಕೆ ಕಳೆ ಜಾಸ್ತಿ. ಅದನ್ನು ಹೇಳಬೇಕೆಂದಿದ್ದೆ. ಚಹಾ ಆರುತ್ತಿತ್ತು, ಕುಡಿದೆ.

"ಈಗ ಕೆಳಗಿನ ಮಡಿಗೆ ಏನು?" ಎಂದು ಕೇಳಿದೆ.

"ಹೆಸರಕಾಳು."

"ಉದ್ದು ಹಾಕೂಣು. ನಮ್ಮ ಮಣ್ಣಿಗೆ ಉದ್ದೇ ಛಲೋ."

"ಹಸಿ ಕಡಿಮಿ ಆಗೇದ. ನಾ ದಿನಾ ಕೈ ಹಾಕಿ ನೋಡೀನಿ. ಹೆಸರಾದ್ರ ಲಗೂ ಬರ್ತದ."

ಬಿಸಿಲು ಏರುವ ಮೊದಲು ಬೀಜದ ಅಂಗಡಿಗೆ ನಡೆದುಕೊಂಡೇ ಹೋದೆವು. ನಾನು ಮುಂದೆ, ಇವರು ಹಿಂದೆ. ಅಲ್ಲಲ್ಲಿ ನಿಂತೆ, ಕಾಲು ನೋಯುತ್ತಿತ್ತು. ಉಸಿರಿಗಾಗಿ ಇವರಿಗೂ ನಿಲ್ಲುವುದೇ ಬೇಕಾಗಿತ್ತು.

ಹೆಸರಿನ ಬೀಜವನ್ನೇ ತಂದೆವು.